ಆಟ ಇಲ್ಲಿ, ಗಲ್ಲಾಪೆಟ್ಟಿಗೆ ಅಲ್ಲಿ

ಅಹಮದಾಬಾದಿನ ಎಸ್‌.ಜಿ. ಹೈವೇ ಬದಿಯಲ್ಲಿ ಸಂಜೆ ಆಫೀಸು ಬಿಡುವ ಹೊತ್ತಿಗೆ ಊರವರು ಕಿಟ್ಲಿ ಎಂದು ಕರೆಯುವ ಚಹಾದಂಗಡಿಗಳ ಮುಂದೆ ಪ್ಲಾಸ್ಟಿಕ್ ಸ್ಟೂಲುಗಳು ತುಂಬುತ್ತವೆ. ಮೊದಲು ಕೈಯಲ್ಲಿ ಚಹಾ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗ್ಲಾಸು ಕೆಳಗಿಳಿಯುತ್ತದೆ, ಮೊಬೈಲು ಅಡ್ಡ ತಿರುಗುತ್ತದೆ, ಎರಡೂ ಹೆಬ್ಬೆರಳು ಕೆಲಸ ಶುರು ಮಾಡುತ್ತವೆ. ನಾಲ್ವರು ಹುಡುಗರು ಒಬ್ಬರ ಮುಖ ಒಬ್ಬರು ನೋಡದೆಯೇ 'ಹಿಂದಿದ್ದಾನೆ, ಹಿಂದಿದ್ದಾನೆ' ಎಂದು ಕೂಗುತ್ತಾರೆ. ವಡೋದರದ ಫತೇಗಂಜ್‌ನಲ್ಲಿ ವಿಶ್ವವಿದ್ಯಾಲಯದ ಹುಡುಗರದ್ದೂ ಇದೇ ಕತೆ. ಸೂರತ್ತಿನ ವರಾಛಾದಲ್ಲಿ ವಜ್ರದ ಕಾರ್ಖಾನೆಯಿಂದ ಹೊರಬಿದ್ದವರ ಕೈಯಲ್ಲೂ ಅದೇ ಆಟ.

ಆ ಆಟ ದಕ್ಷಿಣ ಕೊರಿಯಾದ ಕಂಪನಿಯದು. ಆದರೆ ಅಂಥದೇ ಯಾವುದೋ ವಿದೇಶಿ ಆಟಕ್ಕೆ ಬೇಕಾದ ಮರ, ಮನೆ, ಕಾರು, ಬಂದೂಕುಗಳನ್ನು ಬಿಡಿಸುತ್ತ ಕೂತವರು ಅದೇ ಊರಿನ ಯಾವುದೋ ಕಟ್ಟಡದ ಮೇಲಿನ ಮಹಡಿಯಲ್ಲಿ ಇರುತ್ತಾರೆ. ಕೆಳಗೆ ಆಡುವವರಿಗೆ ಮೇಲೆ ಬಿಡಿಸುವವರ ಸುದ್ದಿ ಗೊತ್ತಿಲ್ಲ. ಮೇಲಿನವರಿಗೆ ತಾವು ಬಿಡಿಸಿದ್ದನ್ನು ಹೆಸರು ಹೇಳಿ ತೋರಿಸುವ ಹಕ್ಕಿಲ್ಲ.

ವಿಡಿಯೊ ಗೇಮ್ ಇವತ್ತು ವರ್ಷಕ್ಕೆ 18,000 ಕೋಟಿ ಡಾಲರ್ ದಾಟಿದ ಜಾಗತಿಕ ವ್ಯಾಪಾರ. ಅದರಲ್ಲಿ ಸುಮಾರು ಅರ್ಧ ಬರುವುದು ಮೊಬೈಲಿನಿಂದ. ಮೊಬೈಲ್ ಗೇಮ್‌ಗಳನ್ನು ಇಳಿಸಿಕೊಳ್ಳುವುದರಲ್ಲಿ ಭಾರತವೇ ಜಗತ್ತಿಗೆ ಮೊದಲು. ಹಾಗಿದ್ದೂ ಈ ಹಣದ ಹೊಳೆ ನಮ್ಮೂರ ಪಕ್ಕದಲ್ಲಿ ಹರಿದುಹೋಗುತ್ತದೆಯೇ ಹೊರತು ನಮ್ಮ ಹೊಲಕ್ಕೆ ಬರುವುದು ಕಡಿಮೆ. ಇದರ ಕಾರಣ ಹುಡುಕಲು ಗುಜರಾತಿಗಿಂತ ಒಳ್ಳೆಯ ಜಾಗವಿಲ್ಲ.

ಪೊಲೀಸರು ಹಿಡಿದ ಆಟ

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಎರಡು ವರ್ಷದೊಳಗೆ ಪಬ್‌ಜಿ ಮೊಬೈಲ್ ಬಂತು. ನೂರು ಜನ ಒಂದು ದ್ವೀಪಕ್ಕೆ ಇಳಿದು, ಕೊನೆಗೆ ಉಳಿದವನು ಗೆಲ್ಲುವ ಆಟ. ಹತ್ತು ಸಾವಿರದ ಫೋನಿನಲ್ಲೂ ಅದು ಓಡಿತು. ವಿಡಿಯೊ ಗೇಮ್ ಎಂದರೆ ಅಮೆರಿಕದಲ್ಲಿರುವ ಮಾವ ತಂದುಕೊಡುವ ಪೆಟ್ಟಿಗೆ ಎಂದು ತಿಳಿದಿದ್ದ ದೇಶದಲ್ಲಿ ಆಟ ಏಕಾಏಕಿ ಬೀದಿಗೆ ಇಳಿಯಿತು.

ಸರ್ಕಾರದ ಕಣ್ಣಿಗೆ ಅದು ಮೊದಲು ಬಿದ್ದದ್ದು ವ್ಯಾಪಾರವಾಗಿ ಅಲ್ಲ, ಪೀಡೆಯಾಗಿ. 2019ರ ಜನವರಿಯಲ್ಲಿ ಗುಜರಾತಿನ ಶಿಕ್ಷಣ ಇಲಾಖೆ ಪ್ರಾಥಮಿಕ ಶಾಲೆಗಳಲ್ಲಿ ಪಬ್‌ಜಿ ಬೇಡವೆಂದು ಸುತ್ತೋಲೆ ಹೊರಡಿಸಿತು. ಮಾರ್ಚ್‌ನಲ್ಲಿ, ಪರೀಕ್ಷೆಯ ಹೊತ್ತಿಗೆ, ಸೂರತ್, ರಾಜಕೋಟ್, ಅಹಮದಾಬಾದ್ ಸೇರಿ ಹಲವು ಕಡೆ ಅಧಿಕಾರಿಗಳು ಆಟವನ್ನೇ ನಿಷೇಧಿಸಿದರು. ರಾಜಕೋಟ್‌ನಲ್ಲಿ ಪೊಲೀಸರು ಹತ್ತು ಯುವಕರನ್ನು ಹಿಡಿದರು. ಅವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದರು. ತಪ್ಪು ಏನೆಂದರೆ, ಮೊಬೈಲಿನಲ್ಲಿ ಆಡುತ್ತಿದ್ದದ್ದು. ಜಾಮೀನು ಸಿಕ್ಕಿತು, ಪರೀಕ್ಷೆ ಮುಗಿಯಿತು, ನಿಷೇಧವೂ ತಣ್ಣಗಾಯಿತು. ಹದಿಹರೆಯದವರ ಚಟಕ್ಕೆ ಮನೆ ಮತ್ತು ಶಾಲೆ ಕೊಡಬೇಕಾದ ಉತ್ತರವನ್ನು ಠಾಣೆಯ ಮೇಜಿನ ಮೇಲೆ ಬರೆಯಲು ಹೋದರೆ ಇಷ್ಟೇ ಆಗುವುದು.

ಮುಂದಿನ ಕತೆ ರಾಷ್ಟ್ರಮಟ್ಟದ್ದು. 2020ರ ಸೆಪ್ಟೆಂಬರ್‌ನಲ್ಲಿ, ಚೀನಾ ಗಡಿಯ ಉದ್ವಿಗ್ನತೆಯ ನಡುವೆ, ಕೇಂದ್ರ ಸರ್ಕಾರ ಪಬ್‌ಜಿಯೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಕ್ರಾಫ್ಟನ್ ಎಂಬ ಕೊರಿಯಾದ ಕಂಪನಿ ಅದನ್ನು 2021ರಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಮರಳಿ ತಂದಿತು. 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಯಿತು, 2023ರ ಮೇನಲ್ಲಿ ಮತ್ತೆ ಬಂತು. ಇಷ್ಟೆಲ್ಲ ಆದರೂ ಆಡುವವರು ಆಡುತ್ತಲೇ ಇದ್ದರು. ಬೆವರಿದವರು ಇದನ್ನೇ ನಂಬಿ ದುಡ್ಡು ಹಾಕಿದ ಸಣ್ಣ ಕಂಪನಿಗಳವರು, ತಂಡ ಕಟ್ಟಿದವರು. ಬೆಳಿಗ್ಗೆ ಎದ್ದಾಗ ಅಂಗಡಿಯೇ ಇಲ್ಲವೆಂದರೆ ಯಾವ ವ್ಯಾಪಾರಿ ತಾನೇ ನಿಲ್ಲುತ್ತಾನೆ?

ಪುಕ್ಕಟೆ ಆಟಕ್ಕೆ ದುಡ್ಡು ಎಲ್ಲಿಂದ?

ಮೊಬೈಲಿನ ಬಹುಪಾಲು ಆಟಗಳಿಗೆ ಬೆಲೆ ಇಲ್ಲ. ಹಾಗಾದರೆ ಅಷ್ಟು ಸಾವಿರ ಕೋಟಿ ಹೇಗೆ ಹುಟ್ಟುತ್ತದೆ ಎಂಬುದು ಮನೆಯ ಹಿರಿಯರು ಕೇಳುವ ನ್ಯಾಯವಾದ ಪ್ರಶ್ನೆ.

ಒಂದು ದಾರಿ ಜಾಹೀರಾತು. ಆಟದ ನಡುವೆ ಜೀವ ಹೋಯಿತು, ಮೂವತ್ತು ಸೆಕೆಂಡಿನ ಜಾಹೀರಾತು ನೋಡಿದರೆ ಇನ್ನೊಂದು ಜೀವ ಸಿಗುತ್ತದೆ. ಆಟಗಾರನಿಗೆ ಅದು ಪುಕ್ಕಟೆ. ಜಾಹೀರಾತು ಕೊಟ್ಟವನು ಆಟದ ಕಂಪನಿಗೆ ಒಂದಷ್ಟು ಪೈಸೆ ಕೊಟ್ಟಿರುತ್ತಾನೆ. ಆ ಪೈಸೆಯ ಲೆಕ್ಕ ಜಾಹೀರಾತು ನೋಡುವವನ ದೇಶದ ಮೇಲೆ ನಿಂತಿದೆ. ಅಮೆರಿಕದ ಆಟಗಾರ ನೋಡಿದ ಜಾಹೀರಾತಿಗೆ ಸಿಗುವುದು ಭಾರತದ ಆಟಗಾರ ನೋಡಿದ ಜಾಹೀರಾತಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದಲೇ ಸೂರತ್ತಿನಲ್ಲಿ ಕೂತು ಚೆಂಡು ಜೋಡಿಸುವ, ಬಣ್ಣ ತುಂಬಿಸುವ ಚಿಕ್ಕಪುಟ್ಟ ಆಟ ಮಾಡುವವನ ಕಣ್ಣು ಟೆಕ್ಸಾಸಿನ ಗೃಹಿಣಿಯ ಮೇಲಿರುತ್ತದೆ, ಪಕ್ಕದ ಬೀದಿಯ ಹುಡುಗನ ಮೇಲಲ್ಲ.

ಇನ್ನೊಂದು ದಾರಿ ಆಟದೊಳಗಿನ ಖರೀದಿ. ಸೈನಿಕನಿಗೆ ಹೊಸ ಅಂಗಿ, ಬಂದೂಕಿಗೆ ಹೊಸ ಬಣ್ಣ, ಕಷ್ಟದ ಲೆವೆಲ್ ದಾಟಲು ಒಂದು ಸುತ್ತಿಗೆ. ಅಂಗಿ ಹಾಕಿದ ಮಾತ್ರಕ್ಕೆ ಗುಂಡು ನೆಟ್ಟಗೆ ಹೋಗುವುದಿಲ್ಲ, ಗೆಳೆಯರೆದುರು ಮಿಂಚಬಹುದು, ಅಷ್ಟೆ. ಮದುವೆಮನೆಗೆ ಸೀರೆ ಕೊಳ್ಳುವವರಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಆಡುವ ನೂರು ಜನರಲ್ಲಿ ಹೀಗೆ ಕೊಳ್ಳುವವರು ಬೆರಳೆಣಿಕೆಯಷ್ಟು. ಆದರೆ ಉಳಿದವರ ಪುಕ್ಕಟೆ ಆಟದ ಖರ್ಚನ್ನೆಲ್ಲ ಹೊರುವುದು ಆ ಕೆಲವರೇ. ಪಬ್‌ಜಿ ಮೊಬೈಲಿನ ಡೌನ್‌ಲೋಡ್‌ಗಳಲ್ಲಿ ಭಾರತದ್ದು ಅತಿ ದೊಡ್ಡ ಪಾಲಾಗಿತ್ತು, ಆದಾಯದಲ್ಲಿ ಮಾತ್ರ ತೀರಾ ಚಿಕ್ಕದು. ನಮ್ಮವರು ಜುಗ್ಗರು ಎಂದಲ್ಲ. ಐವತ್ತು ರೂಪಾಯಿಗೂ ಲೆಕ್ಕ ಹಾಕುವ ಸಂಬಳದಲ್ಲಿ ಬಂದೂಕಿನ ಬಣ್ಣ ಕೊನೆಯ ಸಾಲಿಗೆ ಹೋಗುತ್ತದೆ.

ಹುಟ್ಟಿದ ದುಡ್ಡೂ ಪೂರ್ತಿ ಆಟ ಮಾಡಿದವನ ಕೈಗೆ ಬರುವುದಿಲ್ಲ. ಆಟದೊಳಗೆ ನೂರು ರೂಪಾಯಿ ಖರ್ಚಾದರೆ ಆ್ಯಪಲ್, ಗೂಗಲ್‌ನಂಥ ಅಂಗಡಿಗಳು ರೂಢಿಯಂತೆ ಮೂವತ್ತು ರೂಪಾಯಿ ಇಟ್ಟುಕೊಳ್ಳುತ್ತವೆ. ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗಿನ ವ್ಯಾಪಾರಕ್ಕೆ ಈಗ ಹದಿನೈದಕ್ಕೆ ಇಳಿಸಿವೆ. ಉಳಿದದ್ದರಲ್ಲಿ ದೊಡ್ಡ ಭಾಗ ಹೊಸ ಆಟಗಾರರನ್ನು ಹಿಡಿದು ತರಲು ಫೇಸ್‌ಬುಕ್, ಗೂಗಲ್‌ಗಳಿಗೇ ಜಾಹೀರಾತಿನ ರೂಪದಲ್ಲಿ ಮರಳುತ್ತದೆ. ಒಬ್ಬ ಆಟಗಾರನನ್ನು ತರುವ ಖರ್ಚು, ಅವನು ಬಿಟ್ಟುಹೋಗುವ ಮೊದಲು ತಂದುಕೊಡುವ ಹಣಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ಅಂಗಡಿ ಮುಚ್ಚಬೇಕು. ಆಟ ಎಷ್ಟು ಚೆನ್ನಾಗಿದೆ ಎಂಬ ಮಾತು ಈ ಲೆಕ್ಕದ ನಂತರ ಬರುತ್ತದೆ. ನನಗೆ ಈ ಉದ್ಯಮದಲ್ಲಿ ಅತ್ಯಂತ ಬೇಸರದ ಸಂಗತಿ ಇದೇ.

ಸೂರತ್ತಿಗೆ ಗೊತ್ತಿರುವ ಪಾಠ

ಹೀಗಾಗಿ ಗುಜರಾತಿನ ಬಹುಪಾಲು ಸ್ಟುಡಿಯೋಗಳು ಸ್ವಂತ ಆಟದ ಜೂಜಿಗೆ ಇಳಿಯುವುದಕ್ಕಿಂತ ಬೇರೆಯವರ ಆಟಕ್ಕೆ ಕೆಲಸ ಮಾಡಿಕೊಡುತ್ತವೆ. ಅಹಮದಾಬಾದಿನ ಜಾಟೂನ್ 2007ರಿಂದ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಡುತ್ತ ಬಂದಿದೆ. ನಡುವೆ ಸ್ನೈಪರ್ ರಸ್ಟ್‌ನಂಥ ಸ್ವಂತ ಆಟಕ್ಕೂ ಕೈ ಹಾಕಿದೆ. ಅದೇ ಊರಿನ ಯುಡಿಜ್ ಸೊಲ್ಯೂಷನ್ಸ್ ಗೇಮ್ ಮತ್ತು ಆ್ಯಪ್‌ಗಳನ್ನು ಕಟ್ಟಿಕೊಡುವ ಕಂಪನಿ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಷೇರುಪೇಟೆಯ ಸಣ್ಣ ಉದ್ದಿಮೆಗಳ ವಿಭಾಗದಲ್ಲಿ ಅದರ ಷೇರು ಪಟ್ಟಿಯಾಯಿತು. ಇವುಗಳ ಹಿಂದೆ ಹತ್ತು ಹದಿನೈದು ಜನರ ಲೆಕ್ಕವಿಲ್ಲದಷ್ಟು ಸಣ್ಣ ತಂಡಗಳಿವೆ.

ಕೆಲಸ ನಡೆಯುವುದು ಹೀಗೆ. ಕ್ಯಾಲಿಫೋರ್ನಿಯಾದ ಅಥವಾ ಫಿನ್ಲೆಂಡಿನ ಕಂಪನಿ ಒಂದು ಪಟ್ಟಿ ಕಳಿಸುತ್ತದೆ: ಇಷ್ಟು ಕುರ್ಚಿ, ಇಷ್ಟು ಕಿಟಕಿ, ತುಕ್ಕು ಹಿಡಿದ ಒಂದು ಲಾರಿ. ಜೊತೆಗೆ ಮಾದರಿ ಚಿತ್ರ, ಗಡುವು, ಬಾಯಿ ಬಿಡಬಾರದೆಂಬ ಕರಾರು. ಇಲ್ಲಿನ ಕಲಾವಿದ ಲಾರಿಯನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಕಟ್ಟಿ, ತುಕ್ಕಿನ ಪದರವನ್ನು ಬಣ್ಣದಲ್ಲಿ ಮೆತ್ತಿ ಕಳಿಸುತ್ತಾನೆ. ಅಲ್ಲಿಂದ ಕೆಂಪು ಗುರುತು ಹಾಕಿ ವಾಪಸು ಬರುತ್ತದೆ, ತಿದ್ದಿ ಮತ್ತೆ ಹೋಗುತ್ತದೆ. ಕೊನೆಗೆ ತುಂಡಿಗೆ ಇಷ್ಟು ಅಥವಾ ತಿಂಗಳಿಗೆ ಇಷ್ಟು ಎಂದು ಡಾಲರ್ ಬರುತ್ತದೆ. ಆಟ ಕೋಟಿ ಪ್ರತಿ ಮಾರಾಟವಾದರೂ ಅದರ ಮೇಲೆ ಒಂದು ಪೈಸೆ ಇಲ್ಲ, ಮುಗ್ಗರಿಸಿದರೂ ಇವರಿಗೆ ನಷ್ಟವಿಲ್ಲ.

ಸೂರತ್ತಿನವರಿಗೆ ಇದು ತಲೆಮಾರುಗಳಿಂದ ಗೊತ್ತಿರುವ ಬದುಕು. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತು ಅಲ್ಲೇ ಸಾಣೆ ಹಿಡಿಯಲ್ಪಡುತ್ತವೆ ಎನ್ನುತ್ತಾರೆ. ಕಲ್ಲು ಹೊರಗಿನಿಂದ ಬರುತ್ತದೆ, ಕೂಲಿ ತುಂಡಿನ ಲೆಕ್ಕದಲ್ಲಿ, ಉಂಗುರದ ಮೇಲಿನ ಹೆಸರು ನ್ಯೂಯಾರ್ಕಿನ ಅಂಗಡಿಯದು. ಬಟ್ಟೆಯ ವ್ಯಾಪಾರದಲ್ಲೂ ಜಾಬ್‌ವರ್ಕ್ ಎಂಬುದು ಅಲ್ಲಿ ದಿನಬಳಕೆಯ ಮಾತು. ಜಾಬ್‌ವರ್ಕ್ ಕೀಳಲ್ಲ. ಸಾವಿರಾರು ಮನೆಗಳ ಒಲೆ ಅದರಿಂದ ಉರಿದಿದೆ, ಕೈಚಳಕ ಬೆಳೆದಿದೆ. ಆದರೆ ಆರ್ಡರ್ ಕೊಡುವವನು ಕೆಮ್ಮಿದರೆ ಇಲ್ಲಿ ಜ್ವರ ಬರುತ್ತದೆ. ಕೃತಕ ವಜ್ರ ಬಂದು ಬೆಲೆ ಕುಸಿದಾಗ, 2025ರಲ್ಲಿ ಅಮೆರಿಕ ಸುಂಕ ಏರಿಸಿದಾಗ ವರಾಛಾದ ಕಾರ್ಖಾನೆಗಳಿಗೆ ಆದದ್ದು ಅದೇ.

ಆಟದ ಲೋಕದಲ್ಲೂ ಕೆಮ್ಮು ಶುರುವಾಗಿದೆ. ಕೋವಿಡ್ ಕಾಲದಲ್ಲಿ ಮನೆಯಲ್ಲಿ ಕೂತ ಜನ ಆಡಿದ್ದೇ ಆಡಿದ್ದು, ಕಂಪನಿಗಳು ಸಿಕ್ಕಾಪಟ್ಟೆ ಜನರನ್ನು ಸೇರಿಸಿಕೊಂಡವು. ಬಾಗಿಲು ತೆರೆದ ಮೇಲೆ ಲೆಕ್ಕ ತಪ್ಪಿತು. 2023ರ ಅಕ್ಟೋಬರ್‌ನಲ್ಲಿ ಸುಮಾರು 6,900 ಕೋಟಿ ಡಾಲರ್ ಕೊಟ್ಟು ಆ್ಯಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು ಕೊಂಡ ಮೈಕ್ರೋಸಾಫ್ಟ್, ಮರು ಜನವರಿಯಲ್ಲೇ ಗೇಮ್ ವಿಭಾಗದ 1,900 ಜನರನ್ನು ಮನೆಗೆ ಕಳಿಸಿತು. ಉಳಿದ ಕಂಪನಿಗಳೂ ಹಿಂದೆ ಬೀಳಲಿಲ್ಲ. ಅಲ್ಲಿ ಜನ ಕಡಿಮೆಯಾದಾಗ ಕೆಲಸ ಇಲ್ಲಿಗೆ ಬರುತ್ತದೆಂದು ಕೆಲವರು ಲೆಕ್ಕ ಹಾಕಿದರು. ಒಂದಷ್ಟು ಬರಲೂಬಹುದು. ಆದರೆ ಆಟವೇ ರದ್ದಾದರೆ ಲಾರಿ ಯಾರಿಗೆ ಬೇಕು?

ಬೆಂಗಳೂರು ಮತ್ತು ಉಡುಪಿ ನಡೆದ ದಾರಿ

ಈ ದಾರಿಯಲ್ಲಿ ಮೊದಲು ನಡೆದದ್ದು ಕರ್ನಾಟಕ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಕಟ್ಟಿದಾಗ ದೇಶದಲ್ಲಿ ಗೇಮ್ ಉದ್ಯಮ ಎಂಬುದೇ ಇರಲಿಲ್ಲ. ಎರಡು ದಶಕ ವಿದೇಶಿ ಕಂಪನಿಗಳ ಆಟಗಳಿಗೆ ಕೆಲಸ ಮಾಡಿಕೊಟ್ಟು ಅದು ಹೆಸರು ಗಳಿಸಿತು. 2019ರಲ್ಲಿ ಗ್ರಾಂಡ್ ಥೆಫ್ಟ್ ಆಟೊ ಸರಣಿಯ ಒಡೆಯ ರಾಕ್‌ಸ್ಟಾರ್ ಅದನ್ನು ಸುಮಾರು 79 ಲಕ್ಷ ಡಾಲರಿಗೆ ಕೊಂಡಿತು. ಆ ಸರಣಿಯ ಐದನೇ ಆಟ ಒಂದೇ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಎರಡು ದಶಕದ ಪರಿಣತಿಗೆ ಬಿದ್ದ ಬೆಲೆಯನ್ನೂ ಸ್ವಂತ ಆಟವೊಂದರ ಗಳಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಉಡುಪಿಯದು ಬೇರೆ ಪ್ರಯೋಗ. ರೋಹಿತ್ ಭಟ್ ಅವರ 99ಗೇಮ್ಸ್ ಸಮುದ್ರದ ಪಕ್ಕದ ಸಣ್ಣ ಊರಿನಲ್ಲಿ ಕೂತು ಸ್ವಂತ ಆಟಗಳನ್ನೇ ಮಾಡಿತು. 2013ರಲ್ಲಿ ಧೂಮ್ 3 ಸಿನಿಮಾದ ಆಟ, 2014ರಲ್ಲಿ ಸ್ಟಾರ್ ಶೆಫ್. ಹೋಟೆಲ್ ನಡೆಸುವ ಆಟ ಉಡುಪಿಯಲ್ಲಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ, ಅದನ್ನು ದೂರದ ದೇಶಗಳವರು ದುಡ್ಡು ಕೊಟ್ಟು ಆಡಿದ್ದು ದೊಡ್ಡ ಸಂಗತಿ. ಬೆಂಗಳೂರಿನ ಮೂನ್‌ಫ್ರಾಗ್ ನಮ್ಮದೇ ಇಸ್ಪೀಟಿನಾಟವನ್ನು ತೀನ್ ಪತ್ತಿ ಗೋಲ್ಡ್ ಎಂದು ಮೊಬೈಲಿಗೆ ತಂದಿತು. 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಸುಮಾರು 9 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಧ್ರುವಕ್ಕೆ ಬಂದದ್ದರ ಹತ್ತು ಪಟ್ಟಿಗಿಂತ ಹೆಚ್ಚು. ವ್ಯತ್ಯಾಸ ಕೈಚಳಕದ್ದಲ್ಲ, ಒಡೆತನದ್ದು.

ನೆರಳಿನಂತೆ ಹಿಂಬಾಲಿಸಿದ ಜೂಜು

ಗುಜರಾತಿನಲ್ಲಿ, ಅದರಲ್ಲೂ ಸೌರಾಷ್ಟ್ರದ ಕಡೆ, ಶ್ರಾವಣ ಬಂದರೆ ಇಸ್ಪೀಟು ಹೊರಬರುತ್ತದೆ. ಜನ್ಮಾಷ್ಟಮಿಯ ಆಸುಪಾಸಿನಲ್ಲಿ ಮನೆಮನೆಯಲ್ಲಿ ತೀನ್ ಪತ್ತಿ, ಅದರ ಹಿಂದೆಯೇ ಪೊಲೀಸರ ದಾಳಿ. ಜೂಜು ತಡೆಯುವ ಕಾಯ್ದೆ ಅಲ್ಲಿ 1887ರಷ್ಟು ಹಳೆಯದು. 2017ರಲ್ಲಿ ಗುಜರಾತ್ ಹೈಕೋರ್ಟ್ ಪೋಕರ್ ಕೌಶಲದ ಆಟವಲ್ಲ, ಜೂಜು ಎಂದಿತು. ಇತ್ತ ಕರ್ನಾಟಕ 2021ರಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ನಮ್ಮ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯನ್ನೇ ಹೊಡೆದುಹಾಕಿತು. ಒಂದೇ ದೇಶ, ಒಂದೇ ಇಸ್ಪೀಟು ಕಟ್ಟು, ಎರಡು ತೀರ್ಪು.

ಈ ಗೊಂದಲದ ನಡುವೆಯೇ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಕಂಪನಿಗಳು ಕೊಬ್ಬಿದವು. ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್‌ಗೆ 2022ರಲ್ಲಿ ತೆರಿಗೆ ಇಲಾಖೆ ಕಳಿಸಿದ ನೋಟಿಸು ಸುಮಾರು 21,000 ಕೋಟಿ ರೂಪಾಯಿಯದು. 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು. ಸಾಲ ಮಾಡಿ ಆಡಿ ಬದುಕು ಕಳೆದುಕೊಂಡವರ ಸುದ್ದಿಗಳು ನಿಲ್ಲಲಿಲ್ಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನದಲ್ಲಿ ಎರಡೂ ಸದನಗಳಲ್ಲಿ ಆನ್‌ಲೈನ್ ಗೇಮಿಂಗ್ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಹಣ ಪಣಕ್ಕಿಡುವ ಆಟವನ್ನು ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತಿಗೂ ಶಿಕ್ಷೆ. ಆಡಿದವನಿಗೆ ಶಿಕ್ಷೆ ಇಲ್ಲ. ಬೆಂಗಳೂರಿನ ಎಂಪಿಎಲ್ ಭಾರತದ ಸಿಬ್ಬಂದಿಯಲ್ಲಿ ಸುಮಾರು ಶೇ 60ರಷ್ಟನ್ನು ಕಡಿತ ಮಾಡಿತು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿಂದ ಡ್ರೀಮ್11 ಹೆಸರು ಇಳಿಯಿತು. ಕಾಯ್ದೆಯನ್ನು ಪ್ರಶ್ನಿಸಿ ಮೊದಲು ಅರ್ಜಿ ಬಂದದ್ದು ಕರ್ನಾಟಕ ಹೈಕೋರ್ಟಿಗೆ. ಬೇರೆ ಬೇರೆ ಹೈಕೋರ್ಟುಗಳ ಅರ್ಜಿಗಳನ್ನು ಆಮೇಲೆ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ತರಿಸಿಕೊಂಡಿತು.

ಕಾನೂನಿನ ಹದ ಸರಿಯೇ ಎಂಬುದನ್ನು ನ್ಯಾಯಾಲಯ ಹೇಳಲಿ. ಆದರೆ ಅದು ಮಾಡಿದ ಒಂದು ಕೆಲಸ ದೊಡ್ಡದು: ಹಣದ ಆಟ, ಇ-ಕ್ರೀಡೆ, ಬರೀ ಮನರಂಜನೆಯ ಆಟ ಎಂದು ಮೂರನ್ನು ಬೇರೆ ಬೇರೆ ಇಟ್ಟಿತು. ಅಲ್ಲಿಯವರೆಗೆ ಗೇಮಿಂಗ್ ಕಂಪನಿ ಎಂದರೆ ಸಂಬಂಧ ನೋಡಲು ಬಂದವರೂ ರಮ್ಮಿಯೇ ಎಂದು ಕೇಳುವ ಸ್ಥಿತಿ ಇತ್ತು. ಹೂಡಿಕೆಯೂ ಬಹಳ ಕಾಲ ರಮ್ಮಿಯ ಕಡೆಗೇ ಹರಿಯಿತು, ಕತೆ ಹೇಳುವ ಆಟಗಳಿಗೆ ದುಡ್ಡು ಕೊಡುವವರು ವಿರಳವಾಗಿದ್ದರು.

ಇನ್ನೊಂದು ಕಹಿ ನೆನಪನ್ನೂ ಇಲ್ಲೇ ಹೇಳಬೇಕು. 2024ರ ಮೇ 25ರಂದು ರಾಜಕೋಟಿನ ಟಿಆರ್‌ಪಿ ಗೇಮ್ ಜೋನ್‌ನಲ್ಲಿ ಬೆಂಕಿ ಬಿದ್ದು 27 ಜನ ಸತ್ತರು. ಮಕ್ಕಳೂ ಅದರಲ್ಲಿದ್ದರು. ಮೇಲ್ನೋಟಕ್ಕೇ ಇದು ಮನುಷ್ಯರು ಮಾಡಿದ ದುರಂತ ಎಂದು ಹೈಕೋರ್ಟ್ ಹೇಳಿತು. ಇಂಥ ಗೇಮ್ ಜೋನ್‌ಗಳೂ ಇದೇ ಉದ್ಯಮದ ಒಂದು ಕೈ. ಪಬ್‌ಜಿ ಆಡುವ ಹುಡುಗರನ್ನು ಹಿಡಿಯಲು ಇದ್ದ ಉತ್ಸಾಹದಲ್ಲಿ ಕಾಲು ಭಾಗ ಅಗ್ನಿಶಾಮಕ ಪರವಾನಗಿ ನೋಡುವುದರಲ್ಲಿ ಇದ್ದಿದ್ದರೆ ಆ ಸಂಜೆ ಬೇರೆ ಇರುತ್ತಿತ್ತು.

ಯಾರ ಕತೆ, ಯಾರ ಆಟ?

ಮುಂದಿನ ದಿನಗಳಿಗೆ ಬಂದರೆ, ಮೊದಲ ಹೊಡೆತ ಕೃತಕ ಬುದ್ಧಿಮತ್ತೆಯದು. ಕುರ್ಚಿ, ಕಿಟಕಿ, ತುಕ್ಕಿನ ಲಾರಿಯನ್ನು ಯಂತ್ರ ಬೇಗ ಕಲಿಯುತ್ತದೆ. ಅಂದರೆ ಜಾಬ್‌ವರ್ಕ್‌ನ ಕೆಳಗಿನ ಮೆಟ್ಟಿಲೇ ಅಲುಗಾಡುತ್ತಿದೆ, ಹೊಸಬರು ಕಾಲಿಡುವ ಮೆಟ್ಟಿಲೂ ಅದೇ. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿ ಸ್ಟೀಮ್ 2024ರ ಜನವರಿಯಿಂದ ಇಂಥ ಬಳಕೆಯನ್ನು ಘೋಷಿಸಬೇಕೆಂದು ನಿಯಮ ಮಾಡಿದೆ. ಘೋಷಣೆಯಿಂದ ಯಾರ ಕೆಲಸವೂ ಉಳಿಯುವುದಿಲ್ಲ.

ಉಳಿಯುವುದು ಸ್ವಂತ ಕತೆ ಇದ್ದವರು. ಚೀನಾವೂ ಒಂದು ಕಾಲಕ್ಕೆ ಪಶ್ಚಿಮದ ಆಟಗಳಿಗೆ ಕುರ್ಚಿ, ಕಿಟಕಿ ಬಿಡಿಸಿಕೊಡುತ್ತಿತ್ತು. 2024ರ ಆಗಸ್ಟ್‌ನಲ್ಲಿ ಅಲ್ಲಿನ ಗೇಮ್ ಸೈನ್ಸ್ ಸ್ಟುಡಿಯೋ ತಮ್ಮ ಹಳೆಯ ಕಪಿವೀರನ ಪುರಾಣವನ್ನೇ ಹಿಡಿದು ಬ್ಲ್ಯಾಕ್ ಮಿತ್: ವುಕಾಂಗ್ ತಂದಾಗ ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಹೋದವು. ನಮ್ಮಲ್ಲಿ ಪುಣೆಯ ನಾಡಿಂಗ್ ಹೆಡ್ಸ್ 2020ರಲ್ಲಿ ರಾಜಿ ಎಂಬ ಆಟ ಮಾಡಿ ಇದೇ ಬಾಗಿಲು ತಟ್ಟಿತು. ಕೊರತೆ ಕತೆಯದ್ದಲ್ಲ. ಹಾವು-ಏಣಿಯ ಮೂಲವಾದ ಜ್ಞಾನ ಚೌಪಡವನ್ನು ಗುಜರಾತಿನ ಜೈನರು ಪರ್ಯೂಷಣದಲ್ಲಿ ಆಡುತ್ತಿದ್ದರು. ಅದು ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋಗಿ ಡಬ್ಬಿಯೊಳಗಿನ ಸರಕಾಯಿತು. ಪಗಡೆ 1896ರಲ್ಲಿ ಅಲ್ಲಿಯೇ ಲೂಡೊ ಎಂದು ಪೇಟೆಂಟ್ ಪಡೆಯಿತು. ಅದೇ ಲೂಡೊ ನೂರಿಪ್ಪತ್ತು ವರ್ಷಗಳ ನಂತರ ನವಿ ಮುಂಬೈನ ಲೂಡೊ ಕಿಂಗ್ ಆಗಿ ಮರಳಿ, 2020ರ ಲಾಕ್‌ಡೌನ್‌ನಲ್ಲಿ ಅಜ್ಜಿಯಂದಿರ ಕೈಗೂ ಬಂತು.

ಕೈಗಳ ಕೊರತೆಯೂ ಇಲ್ಲ. ವಡೋದರದ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1950ರದು. ನಮ್ಮ ಕಲಾವಿದೆ ಪುಷ್ಪಮಾಲಾ ಎನ್. ಶಿಲ್ಪಕಲೆ ಕಲಿತದ್ದು ಅಲ್ಲೇ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತನ್ನ ಗಾಂಧಿನಗರದ ಆವರಣದಲ್ಲಿ ಆಟಿಕೆ ಮತ್ತು ಆಟದ ವಿನ್ಯಾಸ ಕಲಿಸುತ್ತದೆ, ಬೆಂಗಳೂರಿನ ಆವರಣದಲ್ಲಿ ಡಿಜಿಟಲ್ ಗೇಮ್ ವಿನ್ಯಾಸದ ಸ್ನಾತಕೋತ್ತರ ಪದವಿ ಕೊಡುತ್ತದೆ. ಆಡುವ ಪ್ರತಿಭೆಗೂ ಸಾಕ್ಷಿ ಇದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಕ್ರೀಡೆ ಇನ್ನೂ ಪ್ರದರ್ಶನ ಪಂದ್ಯವಾಗಿದ್ದಾಗ ಹಾರ್ತ್‌ಸ್ಟೋನ್ ಆಟದಲ್ಲಿ ಕಂಚು ತಂದ ತೀರ್ಥ್ ಮೆಹ್ತಾ ಕಛ್‌ನ ಭುಜ್‌ನವರು. ಆಟವಾಡಿದವರನ್ನು ಅದೇ ಗುಜರಾತಿನ ಪೊಲೀಸರು ಹಿಡಿದದ್ದು ಅದಾಗಿ ಒಂದು ವರ್ಷ ತುಂಬುವ ಮೊದಲು.

ಕೊರತೆ ಇರುವುದು ಕಾಯುವ ಬಂಡವಾಳದ್ದು. ಒಳ್ಳೆಯ ಆಟಕ್ಕೆ ಮೂರು ನಾಲ್ಕು ವರ್ಷ ಬೇಕು, ಅಷ್ಟು ದಿನ ಸಂಬಳ ಕೊಡುವವರು ಬೇಕು. ಕರ್ನಾಟಕ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿ ರೂಪಿಸಿತು, 2024ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಇಂಥ ನೀತಿಗಳು ಹೊಸ ಕಟ್ಟಡ, ತರಬೇತಿ ಕೇಂದ್ರಗಳಲ್ಲೇ ಮುಗಿದರೆ ಇನ್ನಷ್ಟು ಜಾಬ್‌ವರ್ಕ್ ಸಿಕ್ಕೀತು, ಅಷ್ಟೇ. ಆಟದ ಹಕ್ಕು ಇಲ್ಲೇ ಉಳಿಯುವ ಕರಾರಿನ ಮೇಲೆ ದುಡ್ಡು ಕೊಟ್ಟರೆ ಬೇರೆಯದೇ ಫಲ ಬಂದೀತು.

ಮನೆಯಲ್ಲಿ ಮಗನೋ ಮಗಳೋ ಗೇಮ್ ಉದ್ಯಮಕ್ಕೆ ಹೋಗುತ್ತೇನೆ ಎಂದರೆ ಗದರಬೇಡಿ, ರಮ್ಮಿ ಎಂದೂ ಅಂದುಕೊಳ್ಳಬೇಡಿ. ಕೆಲಸ ಕೊಡುವ ಸ್ಟುಡಿಯೋದಲ್ಲಿ ಎರಡು ವಿಷಯ ಕೇಳಿಕೊಂಡು ಬರಲು ಹೇಳಿ: ನಿಮ್ಮದೇ ಆಟ ಯಾವುದಾದರೂ ಇದೆಯೇ, ನಾನು ಮಾಡಿದ ಕೆಲಸಕ್ಕೆ ಆಟದ ಕೊನೆಯ ಪಟ್ಟಿಯಲ್ಲಿ ನನ್ನ ಹೆಸರು ಬರುತ್ತದೆಯೇ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಕೆಲಸ ಕಲಿಯುವಷ್ಟು ದಿನ ಇದ್ದು, ಮುಂದಿನ ಜಾಗ ನೋಡಿಕೊಳ್ಳಲಿ.